ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಬೇಕೇ? ತಂದೆತಾಯಿಗೆ ಹಂತಹಂತದ ಮಾರ್ಗದರ್ಶಿ

ಮಗುವಿಗೆ ಕಿವಿ ಕೇಳಿಸುತ್ತಿಲ್ಲ ಎಂದು ಗೊತ್ತಾದ ಕೂಡಲೇ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ‘ತಡ ಮಾಡಬೇಡಿ, ಆಪರೇಷನ್ ಮಾಡಿಸಿಬಿಡಿ’ ಎನ್ನುವವರು ಒಂದು ಕಡೆ. ‘ಎಳೆ ಕೂಸಿನ ತಲೆಗೆ ಕತ್ತರಿ ಹಾಕಿಸ್ತೀರಾ? ಸ್ವಲ್ಪ ತಡೀರಿ, ದೊಡ್ಡದಾದ ಮೇಲೆ ತಾನೇ ಮಾತಾಡುತ್ತೆ’ ಎನ್ನುವವರು ಇನ್ನೊಂದು ಕಡೆ. ನಡುವೆ ಸಿಕ್ಕಿಕೊಂಡ ಅಪ್ಪ ಅಮ್ಮ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಒಂದೇ. ಮಾಡಿಸಬೇಕೇ, ಬೇಡವೇ? ಮಾಡಿಸಿದರೆ ಎಲ್ಲ ಮಕ್ಕಳಂತೆ ಮಾತು ಬರುತ್ತದೆಯೇ? ಎಷ್ಟು ದಿನ ಕಾಯಬಹುದು?

ಎಲ್ಲ ಮಕ್ಕಳಿಗೂ ಹೊಂದುವ ಒಂದೇ ಉತ್ತರ ಇಲ್ಲ. ಆದರೆ ಯಾವುದಾದ ಮೇಲೆ ಯಾವುದನ್ನು ನೋಡಬೇಕು ಎಂಬ ಕ್ರಮ ಇದೆ. ಅದನ್ನು ಹಿಡಿದು ಹೋದರೆ ಅರ್ಧ ಗೊಂದಲ ಪರೀಕ್ಷೆಗಳ ಹಂತದಲ್ಲೇ ಕಳೆಯುತ್ತದೆ. ಆಪರೇಷನ್ ಕೆಲವು ಗಂಟೆಗಳ ಕೆಲಸ, ಭಾಷೆ ಬರುವುದು ವರ್ಷಗಳ ಕೆಲಸ. ತೀರ್ಮಾನವನ್ನು ಎರಡನೆಯದನ್ನು ನೋಡಿ ಮಾಡಬೇಕು. ಮೊದಲನೆಯದನ್ನು ನೋಡಿ ಮಾಡುವವರೇ ಆಮೇಲೆ ಬೇಜಾರಾಗುವುದು.

ಇಂಪ್ಲಾಂಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಶಬ್ದ ಕಿವಿತಮಟೆಯನ್ನು ಅಲುಗಿಸುತ್ತದೆ. ಅದರ ಹಿಂದಿರುವ ಮೂರು ಪುಟ್ಟ ಮೂಳೆಗಳು ಆ ಅಲುಗಾಟವನ್ನು ಒಳಕಿವಿಗೆ ದಾಟಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗಿನ ಕೂದಲುಕೋಶಗಳು ಅಲುಗಾಟವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಶ್ರವಣ ನರಕ್ಕೆ ಕೊಡುತ್ತವೆ. ಹುಟ್ಟು ಕಿವುಡಿನಲ್ಲಿ ಬಹುಪಾಲು ತೊಂದರೆ ಇರುವುದು ಈ ಕೂದಲುಕೋಶಗಳಲ್ಲಿ. ನರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಶ್ರವಣ ಸಾಧನ, ಅಂದರೆ ಎಲ್ಲರೂ ಕಿವಿ ಮಷಿನ್ ಎನ್ನುವ ಉಪಕರಣ, ಶಬ್ದವನ್ನು ದೊಡ್ಡದು ಮಾಡಿ ಅದೇ ದಾರಿಯಲ್ಲಿ ಒಳಗೆ ಕಳಿಸುತ್ತದೆ. ಕೂದಲುಕೋಶಗಳು ತೀರಾ ಕಡಿಮೆ ಇದ್ದರೆ ಎಷ್ಟು ದೊಡ್ಡದು ಮಾಡಿದರೂ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಇಂಪ್ಲಾಂಟ್ ಆ ಕೋಶಗಳನ್ನು ಬಿಟ್ಟು ನೇರವಾಗಿ ನರವನ್ನು ಪ್ರಚೋದಿಸುತ್ತದೆ. ಅದರಲ್ಲಿ ಎರಡು ಭಾಗ. ಒಳಭಾಗ ಕಿವಿಯ ಹಿಂದೆ ಚರ್ಮದಡಿ ಕೂರುವ ರಿಸೀವರ್ ಮತ್ತು ಕಾಕ್ಲಿಯಾದೊಳಗೆ ಹೋಗುವ ತೆಳುವಾದ ಎಲೆಕ್ಟ್ರೋಡ್ ಎಳೆ. ಹೊರಭಾಗ ಮೈಕ್, ಪ್ರೊಸೆಸರ್, ಬ್ಯಾಟರಿ, ಮತ್ತು ಆಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುವ ಕಾಯಿಲ್. ಒಳಭಾಗದಲ್ಲಿ ಬ್ಯಾಟರಿ ಇರುವುದಿಲ್ಲ. ಅದಕ್ಕೆ ವಿದ್ಯುತ್ತು ಮತ್ತು ಸಂಕೇತ ಎರಡೂ ಹೊರಗಿನ ಕಾಯಿಲ್‌ನಿಂದ ಚರ್ಮದ ಮೂಲಕ ಹೋಗುತ್ತವೆ.

ಆರೋಗ್ಯವಂತ ಕಾಕ್ಲಿಯಾದಲ್ಲಿ ಒಳಸಾಲಿನ ಕೂದಲುಕೋಶಗಳೇ ಸುಮಾರು 3,500 ಇರುತ್ತವೆ. ಇಂಪ್ಲಾಂಟ್‌ನಲ್ಲಿ ಇರುವುದು ಕಂಪನಿಯನ್ನು ಅನುಸರಿಸಿ 12ರಿಂದ 22 ಎಲೆಕ್ಟ್ರೋಡ್. ಹಾಗಾಗಿ ಮಗುವಿಗೆ ಕೇಳಿಸುವುದು ನಿಮಗೆ ಕೇಳಿಸುವ ಶಬ್ದದಂತೆಯೇ ಇರುವುದಿಲ್ಲ. ಮಿದುಳು ಅದನ್ನು ಅಭ್ಯಾಸದಿಂದ ಅರ್ಥ ಮಾಡಿಕೊಳ್ಳಬೇಕು. ಹೊರಭಾಗ ತೆಗೆದ ಕ್ಷಣ ಮಗುವಿಗೆ ಏನೂ ಕೇಳಿಸುವುದಿಲ್ಲ. ಸ್ನಾನ ಮಾಡುವಾಗ, ಮಲಗಿದಾಗ, ಬ್ಯಾಟರಿ ಮುಗಿದಾಗ ಅದು ಕಿವುಡು ಮಗುವೇ. ‘ಗುಣವಾಗುತ್ತದೆ’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಗೇ ಬಿಡಿ.

1. ಪರೀಕ್ಷೆಗಳನ್ನು ಪೂರ್ತಿ ಮಾಡಿಸಿ

ತಜ್ಞರು ಒಪ್ಪಿಕೊಂಡಿರುವ ಲೆಕ್ಕ 1, 3, 6. ಹುಟ್ಟಿದ 1 ತಿಂಗಳೊಳಗೆ ಪ್ರಾಥಮಿಕ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಚಿಕಿತ್ಸೆ ಮತ್ತು ಭಾಷೆಯ ಕೆಲಸ ಶುರು. ಈ ಗಡುವು ದಾಟಿಹೋಗಿದ್ದರೆ ಎದೆಗುಂದಬೇಕಾಗಿಲ್ಲ, ಇವತ್ತಿನಿಂದ ತಡ ಮಾಡದಿದ್ದರಾಯಿತು.

ಫೈಲಿನಲ್ಲಿ ಕನಿಷ್ಠ ಇಷ್ಟು ಇರಬೇಕು:

ಒಎಇ: ಕಿವಿಯಲ್ಲಿ ಪುಟ್ಟ ಮೊನೆ ಇಟ್ಟು ಹೊರಸಾಲಿನ ಕೂದಲುಕೋಶಗಳ ಮಾರ್ದನಿ ಅಳೆಯುವ ಪರೀಕ್ಷೆ. ಕೆಲವೇ ನಿಮಿಷದ್ದು.

ಬೆರಾ: ತಲೆಗೆ ತಂತಿ ಅಂಟಿಸಿ, ಶಬ್ದ ಕೊಟ್ಟಾಗ ನರ ಮತ್ತು ಮಿದುಳಿನ ಕಾಂಡ ಸ್ಪಂದಿಸುತ್ತವೆಯೇ ಎಂದು ನೋಡುವುದು. ಮಗು ನಿದ್ದೆಯಲ್ಲಿರಬೇಕು. ಅಪಾಯಿಂಟ್‌ಮೆಂಟ್‌ಗೆ ಮುಂಚೆ ಮಗುವನ್ನು ಮಲಗಿಸದೆ ಕರೆದೊಯ್ದರೆ ನಿದ್ದೆಯ ಔಷಧಿ ಇಲ್ಲದೆಯೇ ಕೆಲಸ ಆಗುವುದುಂಟು.

ಟಿಂಪನೋಮೆಟ್ರಿ: ಕಿವಿತಮಟೆಯ ಹಿಂದೆ ನೀರು ಕಟ್ಟಿಕೊಂಡಿದೆಯೇ ಎಂದು ತಿಳಿಯಲು.

ವರ್ತನೆಯ ಪರೀಕ್ಷೆ: ಸುಮಾರು 6 ತಿಂಗಳು ದಾಟಿದ ಮಗು ಶಬ್ದದ ಕಡೆ ತಿರುಗಿದಾಗ ಬೆಳಕಿನ ಗೊಂಬೆ ತೋರಿಸಿ, ಯಾವ ಮಟ್ಟದಲ್ಲಿ ತಿರುಗುತ್ತದೆ ಎಂದು ಗುರುತಿಸುವುದು.

ಎಡವುವ ಜಾಗಗಳು ಇಲ್ಲಿ ಹಲವು. ಒಎಇ ಒಂದನ್ನೇ ನಂಬಬೇಡಿ. ಕಿವಿಯಲ್ಲಿ ನೀರು ಕಟ್ಟಿದ್ದರೂ ಒಎಇ ಬರುವುದಿಲ್ಲ. ಇನ್ನೊಂದು ಬಗೆಯ ತೊಂದರೆಯಲ್ಲಿ ಒಎಇ ಚೆನ್ನಾಗಿಯೇ ಬಂದು ಬೆರಾದಲ್ಲಿ ಸ್ಪಂದನೆ ಇರುವುದಿಲ್ಲ. ಅದಕ್ಕೆ ಆಡಿಟರಿ ನ್ಯೂರೋಪತಿ ಎಂದು ಹೆಸರು. ಅಂದರೆ ಕೋಶಗಳಿವೆ, ಆದರೆ ಸಂಕೇತ ತಾಳ ತಪ್ಪಿ ನರಕ್ಕೆ ಹೋಗುತ್ತಿದೆ. ಅಂಥ ಮಕ್ಕಳಲ್ಲಿ ಬೆರಾ ನೋಡಿ ಕಿವುಡಿನ ಪ್ರಮಾಣ ಹೇಳಲಾಗದು. ವರ್ತನೆಯ ಪರೀಕ್ಷೆಗೆ ಕಾಯಲೇಬೇಕು.

ಬೆರಾದಲ್ಲಿ ‘ಕ್ಲಿಕ್’ ಶಬ್ದ ಮಾತ್ರ ಬಳಸಿದ್ದರೆ ಅದು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ಸುತ್ತಲಿನ, ಅಂದರೆ ಮೇಲುಸ್ಥಾಯಿಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ಕೆಳಸ್ಥಾಯಿಯಲ್ಲಿ ಮಗುವಿಗೆ ಒಂದಿಷ್ಟು ಕೇಳಿಸುತ್ತಿರಬಹುದು. ಬೇರೆ ಬೇರೆ ಸ್ಥಾಯಿಗಳ ಮಟ್ಟವನ್ನು ಎರಡೂ ಕಿವಿಗೆ ಪ್ರತ್ಯೇಕವಾಗಿ ಬರೆದುಕೊಡಿ ಎಂದು ಆಡಿಯಾಲಜಿಸ್ಟನ್ನು, ಅಂದರೆ ಶ್ರವಣ ತಜ್ಞರನ್ನು ಕೇಳಿ.

ಅಂಕಿ ಹೇಗೆ ಓದುವುದು? ಶಬ್ದದ ಜೋರನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಮಾಮೂಲಿ ಮಾತು ಸುಮಾರು 50ರಿಂದ 60 ಡೆಸಿಬೆಲ್. ವರದಿಯಲ್ಲಿ 90ಕ್ಕಿಂತ ಹೆಚ್ಚು ಎಂದಿದ್ದರೆ ಅಷ್ಟು ಜೋರಿನ ಶಬ್ದವೂ ಕೇಳಿಸುತ್ತಿಲ್ಲ ಎಂದರ್ಥ. ಇದು ಅತಿ ತೀವ್ರ ಕಿವುಡು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ತೀವ್ರ. ಮಗುವಿನ ವಿಷಯದಲ್ಲಿ ಇಂಪ್ಲಾಂಟ್ ಮಾತು ಬರುವುದು ಸಾಮಾನ್ಯವಾಗಿ ಈ ಎರಡು ಮಟ್ಟದಲ್ಲಿ.

ಇನ್ನು ಮನೆಯ ಪರೀಕ್ಷೆ. ಬಾಗಿಲು ದಡಾರನೆ ಹಾಕಿದಾಗ ಮಗು ತಿರುಗಿತು, ಹಾಗಾಗಿ ಕೇಳಿಸುತ್ತಿದೆ ಎಂದು ಅಜ್ಜಿ ತಾತ ಪಟ್ಟು ಹಿಡಿಯುತ್ತಾರೆ. ಬಾಗಿಲಿನ ಅದುರು ನೆಲದ ಮೂಲಕ ಬರುತ್ತದೆ, ಗಾಳಿ ಮುಖಕ್ಕೆ ತಾಗುತ್ತದೆ, ನೆರಳು ಸರಿಯುತ್ತದೆ. ಕಿವುಡು ಮಕ್ಕಳ ಕಣ್ಣು ಮತ್ತು ಚರ್ಮ ಬಲು ಚುರುಕು. ಚಪ್ಪಾಳೆ, ತಟ್ಟೆ ಬಡಿತ ಯಾವುದೂ ಪುರಾವೆಯಲ್ಲ.

2. ಮೊದಲು ಶ್ರವಣ ಸಾಧನ, ಅದೂ ಸರಿಯಾಗಿ

ಇಂಪ್ಲಾಂಟ್ ಬೇಕಾಗಬಹುದು ಎಂದು ಅನ್ನಿಸಿದರೂ ಎರಡೂ ಕಿವಿಗೆ ಶ್ರವಣ ಸಾಧನ ಹಾಕಿ 3ರಿಂದ 6 ತಿಂಗಳು ನೋಡುವುದು ರೂಢಿ. ಇದು ಕಾಲಹರಣ ಅಲ್ಲ. ಕೆಲವು ಮಕ್ಕಳಿಗೆ ಇಷ್ಟೇ ಸಾಕಾಗುತ್ತದೆ. ಸಾಲದ ಮಕ್ಕಳಿಗೂ ಈ ಅವಧಿಯಲ್ಲಿ ನರಕ್ಕೆ ಒಂದಿಷ್ಟು ಪ್ರಚೋದನೆ ಸಿಗುತ್ತದೆ, ಕಿವಿಯಲ್ಲಿ ಉಪಕರಣ ಇಟ್ಟುಕೊಳ್ಳುವ ಅಭ್ಯಾಸವೂ ಆಗುತ್ತದೆ.

ಆದರೆ ಬಹಳಷ್ಟು ಪ್ರಯೋಗಗಳು ಪ್ರಯೋಗವೇ ಆಗಿರುವುದಿಲ್ಲ. ಕಾರಣ ಬಹುತೇಕ ಕಿವಿ ಅಚ್ಚು, ಅಂದರೆ ಸಾಧನದ ಶಬ್ದವನ್ನು ಒಳಗೆ ಬಿಡಲು ಕಿವಿಯ ಅಳತೆಗೆ ಮಾಡಿಸಿ ಕೂರಿಸುವ ತುಂಡು. ಎಳೆ ಮಕ್ಕಳ ಕಿವಿ ಬೇಗ ಬೆಳೆಯುತ್ತದೆ, ಅಚ್ಚು ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಸಡಿಲವಾದ ಕಡೆಯಿಂದ ಶಬ್ದ ಸೋರಿ ಮತ್ತೆ ಮೈಕಿಗೆ ಬಿದ್ದು ‘ಕುಂಯ್’ ಎಂದು ಸೀಟಿ ಹೊಡೆಯುತ್ತದೆ. ಮನೆಯವರು ಸದ್ದು ತಾಳಲಾರದೆ ವಾಲ್ಯೂಮ್ ಇಳಿಸುತ್ತಾರೆ. ಮಗುವಿಗೆ ಬೇಕಾದ ಶಬ್ದವೂ ಅದರ ಜೊತೆಗೇ ಇಳಿದುಹೋಗುತ್ತದೆ. ಸೀಟಿ ಬಂದರೆ ಹೊಸ ಅಚ್ಚು ಮಾಡಿಸಬೇಕು, ವಾಲ್ಯೂಮ್ ಮುಟ್ಟಬಾರದು.

ಎರಡನೆಯದು, ಹಾಕುವ ಹೊತ್ತು. ದಿನಕ್ಕೆ ಒಂದು ಗಂಟೆ ಹಾಕಿ ‘ಪ್ರಯೋಜನ ಆಗಲಿಲ್ಲ’ ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಎಚ್ಚರ ಇರುವಷ್ಟು ಹೊತ್ತೂ ಹಾಕಬೇಕು. ಎಷ್ಟು ಗಂಟೆ ಹಾಕಲಾಗಿದೆ ಎಂಬ ಲೆಕ್ಕ ಈಗಿನ ಹೆಚ್ಚಿನ ಸಾಧನಗಳಲ್ಲಿ ದಾಖಲಾಗಿರುತ್ತದೆ. ಆಡಿಯಾಲಜಿಸ್ಟ್ ಅದನ್ನು ಕಂಪ್ಯೂಟರಿನಲ್ಲಿ ನೋಡುತ್ತಾರೆ.

ಮನೆಯಲ್ಲಿ ದಿನಾ ಆರು ಶಬ್ದಗಳ ಪರೀಕ್ಷೆ ಮಾಡಿ: ಆ, ಊ, ಈ, ಮ್, ಶ್, ಸ್. ಮಾತಿನ ಕೆಳಸ್ಥಾಯಿಯಿಂದ ಮೇಲುಸ್ಥಾಯಿಯವರೆಗಿನ ವ್ಯಾಪ್ತಿ ಇವಿಷ್ಟರಲ್ಲಿ ಬಂದುಬಿಡುತ್ತದೆ. ಮಗುವಿನ ಹಿಂದೆ ಕುಳಿತು, ಮೈ ತಾಗದಂತೆ, ಉಸಿರು ಕುತ್ತಿಗೆಗೆ ತಾಕದಂತೆ, ಸಾಮಾನ್ಯ ದನಿಯಲ್ಲಿ ಹೇಳಿ. ಯಾವುದಕ್ಕೆ ತಿರುಗಿತು, ಯಾವುದಕ್ಕಿಲ್ಲ ಎಂದು ಬರೆದಿಡಿ. ಒಂದೇ ಅಂತರದಲ್ಲಿ ಹೇಳುತ್ತಾ ಹೋದರೆ ಮಗು ತಾಳ ಹಿಡಿದು ತಿರುಗುತ್ತದೆ, ಆದ್ದರಿಂದ ನಡುನಡುವೆ ಸುಮ್ಮನಿರಿ. ಆ, ಊ, ಮ್ ಕೇಳಿಸಿ ಶ್, ಸ್ ಎಂದಿಗೂ ಕೇಳಿಸದಿದ್ದರೆ ಮಾತಿನ ಹಲವು ವ್ಯಂಜನಗಳು ಮಗುವಿನ ಕೈಗೆ ಸಿಗುತ್ತಿಲ್ಲ ಎಂದರ್ಥ. ನಿಮ್ಮ ಈ ಪಟ್ಟಿ ವೈದ್ಯರಿಗೆ ತುಂಬ ಉಪಯೋಗಕ್ಕೆ ಬರುತ್ತದೆ.

ಎಚ್ಚರಿಕೆ: ಮೆನಿಂಜೈಟಿಸ್‌ನಿಂದ (ಮಿದುಳು ಪೊರೆಯ ಸೋಂಕಿನಿಂದ) ಕಿವುಡು ಬಂದಿದ್ದರೆ ಈ ಕಾಯುವಿಕೆ ನಿಮಗಲ್ಲ. ಆ ಸೋಂಕಿನ ನಂತರ ಕಾಕ್ಲಿಯಾದೊಳಗೆ ಮೂಳೆ ಬೆಳೆಯತೊಡಗಬಹುದು, ಕೆಲವು ಮಕ್ಕಳಲ್ಲಿ ವಾರಗಳಲ್ಲೇ. ಪೂರ್ತಿ ಮುಚ್ಚಿದರೆ ಎಲೆಕ್ಟ್ರೋಡ್ ಒಳಗೆ ಹೋಗುವುದಿಲ್ಲ. ಕೂಡಲೇ ಸ್ಕ್ಯಾನ್ ಮಾಡಿಸಿ, ಶಸ್ತ್ರಚಿಕಿತ್ಸಕರನ್ನು ಕಾಣಿ.

3. ಸ್ಕ್ಯಾನ್ ಮತ್ತು ಕಾರಣ ಹುಡುಕುವುದು

ಸಿಟಿ ಸ್ಕ್ಯಾನ್ ಮೂಳೆಯನ್ನು, ಕಾಕ್ಲಿಯಾದ ಆಕಾರವನ್ನು ತೋರಿಸುತ್ತದೆ. ಎಂಆರ್‌ಐ ನರವನ್ನು ತೋರಿಸುತ್ತದೆ. ತೀರ್ಮಾನಕ್ಕೆ ಎರಡನೆಯದು ಬಹು ಮುಖ್ಯ. ಇಂಪ್ಲಾಂಟ್ ಎಷ್ಟೇ ಒಳ್ಳೆಯದಿರಲಿ, ಸಂಕೇತ ಹೊರಲು ನರ ಬೇಕು. ಕಾಕ್ಲಿಯಾವೇ ರೂಪುಗೊಂಡಿಲ್ಲದಿದ್ದರೆ ಇಂಪ್ಲಾಂಟ್ ಆಗುವುದಿಲ್ಲ. ನರ ಇಲ್ಲದಿದ್ದರೆ ಅಥವಾ ತೀರಾ ತೆಳುವಾಗಿದ್ದರೆ ಫಲಿತಾಂಶದ ನಿರೀಕ್ಷೆ ಬಹಳ ತಗ್ಗುತ್ತದೆ. ‘ಸ್ಕ್ಯಾನ್ ನಾರ್ಮಲ್’ ಎಂಬ ಒಂದು ಸಾಲಿಗೆ ತೃಪ್ತರಾಗದೆ, ‘ಎರಡೂ ಕಡೆ ಶ್ರವಣ ನರ ಕಾಣುತ್ತಿದೆಯೇ, ಕಾಕ್ಲಿಯಾದ ಸುತ್ತುಗಳು ಪೂರ್ತಿ ಇವೆಯೇ’ ಎಂದು ನೇರವಾಗಿ ಕೇಳಿ.

ಜೀನ್ ಪರೀಕ್ಷೆಯಿಂದಲೂ ಲಾಭವಿದೆ. ಕನೆಕ್ಸಿನ್ 26 ಎಂಬ ಪ್ರೋಟೀನಿನ ಜೀನ್ ದೋಷದಿಂದ ಬಂದ ಕಿವುಡಿನಲ್ಲಿ ನರ ಚೆನ್ನಾಗಿರುತ್ತದೆ, ಇಂಪ್ಲಾಂಟ್ ಫಲಿತಾಂಶ ಸಾಮಾನ್ಯವಾಗಿ ಒಳ್ಳೆಯದು. ಅಶರ್ ಸಿಂಡ್ರೋಮ್ ಇದ್ದರೆ ಮುಂದೆ ದೃಷ್ಟಿಯೂ ಕುಂದುತ್ತದೆ. ಕಣ್ಣಿನ ಮೇಲೆ ಪೂರ್ತಿ ಅವಲಂಬಿಸಲಾಗದ ಮಗುವಿಗೆ ಕಿವಿಯ ದಾರಿ ಬೇಗ ತೆರೆಯುವುದು ಹೆಚ್ಚು ಮುಖ್ಯವಾಗುತ್ತದೆ. ಹಾಗಾಗಿ ಕಣ್ಣಿನ ತಪಾಸಣೆ ಬಿಡಬೇಡಿ.

ಇಸಿಜಿಯನ್ನು ಮರೆಯುವವರು ಬಹಳ. ಹುಟ್ಟು ಕಿವುಡಿನ ಜೊತೆ ಹೃದಯದ ಲಯ ಕೆಡುವ ಅಪರೂಪದ ಕಾಯಿಲೆಯೊಂದಿದೆ, ಹೆಸರು ಜೆರ್ವೆಲ್ ಲ್ಯಾಂಗೆ-ನೀಲ್ಸನ್ ಸಿಂಡ್ರೋಮ್. ಇದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ಕೆಲವೇ ನಿಮಿಷದ ಇಸಿಜಿ ಅದನ್ನು ಹಿಡಿಯಬಲ್ಲದು. ಮಗು ಆಗಾಗ ಪ್ರಜ್ಞೆ ತಪ್ಪಿ ಬಿದ್ದಿದ್ದರೆ ಅಥವಾ ಕುಟುಂಬದಲ್ಲಿ ಎಳೆಯರ ಹಠಾತ್ ಸಾವು ಸಂಭವಿಸಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

4. ಭಾಷೆಯನ್ನು ಕಾಯಿಸಬೇಡಿ

ಪರೀಕ್ಷೆ, ಸಾಧನ, ಸ್ಕ್ಯಾನ್ ಎಂದು ಓಡಾಡುವಷ್ಟರಲ್ಲಿ ವರ್ಷ ಉರುಳುತ್ತದೆ. ಆ ವರ್ಷದಲ್ಲಿ ಮಗುವಿಗೆ ಯಾವ ಭಾಷೆಯೂ ಪೂರ್ತಿಯಾಗಿ ಸಿಗದೇ ಹೋಗುವುದೇ ನಿಜವಾದ ನಷ್ಟ. ಸಂಜ್ಞಾ ಭಾಷೆ ಬರೀ ಕೈಸನ್ನೆಗಳ ಗುಂಪಲ್ಲ. ಅದಕ್ಕೆ ತನ್ನದೇ ವ್ಯಾಕರಣ ಇದೆ. 1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕಿ ಇದನ್ನು ಭಾಷಾಶಾಸ್ತ್ರದ ಕ್ರಮದಲ್ಲಿ ತೋರಿಸಿಕೊಟ್ಟರು. ‘ಕೈಯಲ್ಲಿ ಮಾತಾಡಲು ಕಲಿತರೆ ಬಾಯಲ್ಲಿ ಮಾತಾಡುವುದಿಲ್ಲ’ ಎಂಬ ಹೆದರಿಕೆ ಹಳೆಯದು. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಶಾಲೆಗಳಲ್ಲಿ ಸಂಜ್ಞಾ ಭಾಷೆಗಿಂತ ಬಾಯಿಮಾತೇ ಮೇಲು ಎಂದು ನಿರ್ಣಯಿಸಿತು. 2010ರಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಅದೇ ಸಮ್ಮೇಳನ ಆ ನಿರ್ಣಯವನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ನಡುವಿನ 130 ವರ್ಷದಲ್ಲಿ ಬಾಯಿಮಾತೂ ಬರದೆ ಸಂಜ್ಞೆಯೂ ಸಿಗದೆ ಬೆಳೆದವರು ಎಷ್ಟೋ ಮಂದಿ.

ಕಿವುಡರ ಸಮುದಾಯದಲ್ಲಿ ಇಂಪ್ಲಾಂಟ್ ಬಗ್ಗೆ ಅಸಮಾಧಾನ ಯಾಕೆ ಎಂಬುದನ್ನೂ ತಿಳಿದುಕೊಳ್ಳಿ. ತಮ್ಮನ್ನು ರಿಪೇರಿ ಮಾಡಬೇಕಾದವರೆಂದು ನೋಡುವ ದೃಷ್ಟಿ ಅವರಿಗೆ ನೋವು ತರುತ್ತದೆ. ಕಿವುಡುತನ ಅವರಿಗೆ ಭಾಷೆ ಮತ್ತು ಬಳಗದ ಗುರುತು. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 1991ರಲ್ಲಿ ಮಕ್ಕಳಿಗೆ ಇಂಪ್ಲಾಂಟ್ ಮಾಡುವುದನ್ನು ಕಟುವಾಗಿ ವಿರೋಧಿಸಿತ್ತು. 2000ದಲ್ಲಿ ನಿಲುವು ಸಡಿಲಿಸಿ, ಇದು ತಂದೆತಾಯಿ ಮಾಹಿತಿ ಪಡೆದು ಮಾಡಬೇಕಾದ ಆಯ್ಕೆ, ಆದರೆ ಭಾಷೆಯ ಬೆಳವಣಿಗೆಗೆ ಒತ್ತು ಇರಬೇಕು ಎಂಬ ಕಡೆ ಬಂತು. ಕಿವುಡು ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಬೆಳೆದ ಕಿವುಡರೊಬ್ಬರನ್ನೂ ಹತ್ತಿರದಿಂದ ಕಾಣದೆ ತೀರ್ಮಾನ ಮಾಡುವವರೇ ಹೆಚ್ಚು.

ಈ ಹಂತದಲ್ಲಿ ಮೂರು ಭೇಟಿ ಮಾಡಿ. ಸಂಜ್ಞಾ ಭಾಷೆಯಲ್ಲಿ ಬದುಕುವ ವಯಸ್ಕರೊಬ್ಬರು, ಇಂಪ್ಲಾಂಟ್ ಹಾಕಿಸಿಕೊಂಡು ಹದಿಹರೆಯಕ್ಕೆ ಬಂದ ಒಂದು ಮಗು, ಮತ್ತು ಇಂಪ್ಲಾಂಟ್‌ನಿಂದ ಅಷ್ಟೇನೂ ಫಲ ಕಾಣದ ಒಂದು ಕುಟುಂಬ. ಮೂರನೆಯವರನ್ನು ಆಸ್ಪತ್ರೆ ತಾನಾಗಿ ಪರಿಚಯಿಸುವುದು ಕಡಿಮೆ, ನೀವೇ ವಿಚಾರಿಸಬೇಕು.

5. ಕುಳಿತು ತೀರ್ಮಾನ ಮಾಡುವುದು

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಿ. ಒಬ್ಬರು ಕೇಳಿಕೊಂಡು ಬಂದು ಇನ್ನೊಬ್ಬರಿಗೆ ಹೇಳುವಾಗ ಅರ್ಧ ಮಾತು ಬದಲಾಗಿರುತ್ತದೆ, ಜಗಳ ಅಲ್ಲಿಂದ ಶುರು. ನಂತರ ಈ ಪ್ರಶ್ನೆಗಳಿಗೆ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಉತ್ತರ ಬರೆದು ಹೋಲಿಸಿ ನೋಡಿ:

- ಮಗು ಐದು ವರ್ಷದ್ದಾದಾಗ ಯಾವ ಭಾಷೆಯಲ್ಲಿ, ಯಾರ ಜೊತೆ ಮಾತಾಡುತ್ತಿರಬೇಕು ಎಂದು ನಮ್ಮ ಆಸೆ?
- ದಿನಾ ಮನೆಯಲ್ಲಿ ಮಗುವಿನ ಜೊತೆ ಆಲಿಸುವ ಅಭ್ಯಾಸ ಮಾಡಿಸುವವರು ಯಾರು?
- ವಾರಕ್ಕೊಮ್ಮೆ ಥೆರಪಿ (ಆಲಿಸುವ, ಮಾತಾಡುವ ತರಬೇತಿ), ಮೊದಲ ವರ್ಷ ಪದೇ ಪದೇ ಮ್ಯಾಪಿಂಗ್ (ಇಂಪ್ಲಾಂಟ್‌ನ ವಿದ್ಯುತ್ ಮಟ್ಟವನ್ನು ಮಗುವಿಗೆ ಹೊಂದಿಸುವುದು). ಅಷ್ಟು ಓಡಾಟ ನಮ್ಮಿಂದ ಆಗುತ್ತದೆಯೇ?
- ಕೇಬಲ್, ಬ್ಯಾಟರಿ, ರಿಪೇರಿ, ವರ್ಷಗಳ ನಂತರ ಹೊಸ ಪ್ರೊಸೆಸರ್. ಆಪರೇಷನ್‌ಗೆ ನೆರವು ಸಿಕ್ಕರೂ ಇವುಗಳ ಖರ್ಚು ಯಾರು ಭರಿಸುತ್ತಾರೆ?
- ಮಾತು ನಿರೀಕ್ಷಿಸಿದಷ್ಟು ಬರದಿದ್ದರೆ ನಮ್ಮ ಎರಡನೆಯ ದಾರಿ ಯಾವುದು?

ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಹಾಳೆಯನ್ನು ಇಟ್ಟುಕೊಂಡು ಆಪರೇಷನ್ ದಿನ ಗೊತ್ತು ಮಾಡಬೇಡಿ.

ವಯಸ್ಸಿನ ವಿಷಯ ಮುಚ್ಚುಮರೆಯಿಲ್ಲದೆ ಹೇಳಬೇಕು. ಹುಟ್ಟಿನಿಂದ ಕೇಳಿಸದ ಮಗುವಿನ ಮಿದುಳಿನಲ್ಲಿ ಶಬ್ದವನ್ನು ಗ್ರಹಿಸುವ ಭಾಗ ಮೊದಲ ಮೂರೂವರೆ ವರ್ಷ ಬಹಳ ಮೆದುವಾಗಿರುತ್ತದೆ. ಆ ಅವಧಿಯಲ್ಲಿ, ಅದರಲ್ಲೂ ಒಂದು ವರ್ಷದ ಆಸುಪಾಸಿನಲ್ಲಿ ಇಂಪ್ಲಾಂಟ್ ಆದವರಿಗೆ ಮಾತಿನ ಫಲ ಹೆಚ್ಚು. ಏಳು ವರ್ಷ ದಾಟಿದ ಮೇಲೆ ಮೊದಲ ಬಾರಿ ಶಬ್ದ ಕೇಳಿದ ಮಕ್ಕಳಲ್ಲಿ ಆ ಭಾಗ ಬೇರೆ ಕೆಲಸಕ್ಕೆ ಹೊಂದಿಕೊಂಡಿರುತ್ತದೆ. ಶಬ್ದದ ಅರಿವು ಬಂದರೂ ನಿರರ್ಗಳ ಮಾತು ಕಷ್ಟ. ಔಷಧಿ ಮತ್ತು ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 1990ರಲ್ಲಿ 2 ವರ್ಷ ದಾಟಿದ ಮಕ್ಕಳಿಗೆ ಅನುಮತಿ ಕೊಟ್ಟಿತ್ತು, 2000ದಲ್ಲಿ ಅದು 12 ತಿಂಗಳಿಗೆ, 2020ರಲ್ಲಿ 9 ತಿಂಗಳಿಗೆ ಇಳಿಯಿತು. ಹಾಗಾಗಿ ‘ದೊಡ್ಡದಾದ ಮೇಲೆ ಮಗುವೇ ತೀರ್ಮಾನಿಸಲಿ’ ಎಂಬುದು ಉದಾರವಾಗಿ ಕಂಡರೂ, ಹುಟ್ಟು ಕಿವುಡಿನಲ್ಲಿ ಅದು ಬಹುಮಟ್ಟಿಗೆ ‘ಬೇಡ’ ಎಂಬ ತೀರ್ಮಾನವೇ. ಬೇಡ ಎನ್ನುವ ಹಕ್ಕು ನಿಮಗಿದೆ. ಅದನ್ನು ತಿಳಿದೇ ಹೇಳಿ.

ಕೆಲವು ವರ್ಷ ಕೇಳಿಸಿ, ಮಾತು ಬಂದ ಮೇಲೆ ಕಿವುಡಾದ ಮಗುವಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ವಯಸ್ಸಿಗಿಂತ, ಕೇಳಿಸದೆ ಎಷ್ಟು ಕಾಲವಾಯಿತು ಎಂಬುದು ಮುಖ್ಯ.

ಒಂದು ಕಿವಿಯೋ ಎರಡೋ? ಶಬ್ದ ಯಾವ ಕಡೆಯಿಂದ ಬಂತೆಂದು ತಿಳಿಯಲು, ಗದ್ದಲದ ತರಗತಿಯಲ್ಲಿ ಮಾತು ಹಿಡಿಯಲು ಎರಡು ಕಿವಿ ಬೇಕು. ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಒಂದಕ್ಕೇ ಮಾಡಿಸುವುದಾದರೆ ಇನ್ನೊಂದು ಕಿವಿಯ ಶ್ರವಣ ಸಾಧನ ನಿಲ್ಲಿಸಬೇಡಿ.

ಕಂಪನಿಯ ಆಯ್ಕೆಗೆ ಜನ ತಲೆಕೆಡಿಸಿಕೊಳ್ಳುವಷ್ಟು ಬೇಕಾಗಿಲ್ಲ. ಹತ್ತಿರದಲ್ಲಿ ಮ್ಯಾಪಿಂಗ್ ಮಾಡುವವರಿದ್ದಾರೆಯೇ, ಬಿಡಿಭಾಗ ಎಷ್ಟು ದಿನದಲ್ಲಿ ಸಿಗುತ್ತದೆ, ಒಳಭಾಗ ಮತ್ತು ಹೊರಭಾಗಕ್ಕೆ ವಾರಂಟಿ ಎಷ್ಟೆಷ್ಟು, ಮುಂದಿನ ಪ್ರೊಸೆಸರ್‌ಗಳು ಇದೇ ಒಳಭಾಗಕ್ಕೆ ಹೊಂದುತ್ತವೆಯೇ, ಎಷ್ಟು ಟೆಸ್ಲಾದ (ಯಂತ್ರದ ಕಾಂತಬಲದ ಅಳತೆ) ಎಂಆರ್‌ಐವರೆಗೆ ಒಳಭಾಗದ ಆಯಸ್ಕಾಂತ ತೆಗೆಯಬೇಕಾಗಿಲ್ಲ. ಈ ಐದಕ್ಕೆ ಲಿಖಿತ ಉತ್ತರ ಪಡೆಯಿರಿ.

6. ಆಪರೇಷನ್

ಲಸಿಕೆ ಮೊದಲು. ಇಂಪ್ಲಾಂಟ್ ಇರುವವರಿಗೆ ನ್ಯೂಮೋಕಾಕಸ್ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಬರುವ ಸಂಭವ ಇತರರಿಗಿಂತ ಹೆಚ್ಚು. ಆ ಲಸಿಕೆಗಳು ಆಪರೇಷನ್‌ಗೆ ಕನಿಷ್ಠ 2 ವಾರ ಮುಂಚೆ ಮುಗಿದಿರಬೇಕು. 2 ವರ್ಷ ತುಂಬಿದ ಮೇಲೆ ಇನ್ನೊಂದು ಬಗೆಯ ಡೋಸ್ ಬೇಕಾಗಬಹುದು, ಮಕ್ಕಳ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಆಪರೇಷನ್ ಪೂರ್ತಿ ಅರಿವಳಿಕೆಯಲ್ಲಿ, ಒಂದು ಕಿವಿಗೆ ಸಾಮಾನ್ಯವಾಗಿ 2ರಿಂದ 4 ಗಂಟೆ. ಕಿವಿಯ ಹಿಂದೆ ಕೊಯ್ದು ಮೂಳೆಯಲ್ಲಿ ದಾರಿ ಕೊರೆದು ಎಲೆಕ್ಟ್ರೋಡ್ ಸೇರಿಸುತ್ತಾರೆ. ಮಿದುಳನ್ನು ಮುಟ್ಟುವುದಿಲ್ಲ. ದಾರಿಯ ಪಕ್ಕದಲ್ಲೇ ಮುಖದ ನರ ಹಾದುಹೋಗುವುದರಿಂದ ಅದರ ಮೇಲೆ ನಿಗಾ ಇಡುವ ಯಂತ್ರ ಬಳಸುತ್ತಾರೆಯೇ ಎಂದು ಕೇಳಿ. ಹೊಲಿಗೆ ಹಾಕುವ ಮುಂಚೆ ಪ್ರತಿ ಎಲೆಕ್ಟ್ರೋಡ್ ಕೆಲಸ ಮಾಡುತ್ತಿದೆಯೇ, ನರ ಸ್ಪಂದಿಸುತ್ತಿದೆಯೇ ಎಂದು ಕಂಪ್ಯೂಟರಿನಲ್ಲಿ ಅಳೆಯುತ್ತಾರೆ. ಆ ವರದಿಯ ಪ್ರತಿ ನಿಮ್ಮ ಫೈಲಿಗೆ ಬೇಕು.

ಆಗಬಹುದಾದ ತೊಂದರೆಗಳು: ಗಾಯದ ಸೋಂಕು, ಕೆಲ ದಿನದ ತಲೆಸುತ್ತು, ರುಚಿಯಲ್ಲಿ ವ್ಯತ್ಯಾಸ, ಅಪರೂಪಕ್ಕೆ ಮುಖದ ನರಕ್ಕೆ ಪೆಟ್ಟು. ಆ ಕಿವಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಸಹಜ ಶ್ರವಣವೂ ಹೋಗಬಹುದು, ಇದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅರ್ಥ ಮಾಡಿಕೊಳ್ಳಿ. ಮನೆಗೆ ಬಂದ ಮೇಲೆ ಜ್ವರ, ಬಿಡದ ವಾಂತಿ, ಕತ್ತು ಬಿಗಿತ, ಅತಿಯಾದ ಮಂಪರು, ಮೂಗಿನಿಂದ ಅಥವಾ ಕಿವಿಯಿಂದ ತಿಳಿನೀರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

7. ಸ್ವಿಚ್ ಆನ್ ಮತ್ತು ಮ್ಯಾಪಿಂಗ್

ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ 2ರಿಂದ 4 ವಾರಕ್ಕೆ, ಹೊರಭಾಗ ಹಾಕಿ ಚಾಲೂ ಮಾಡುತ್ತಾರೆ. ಮಗು ನಗುತ್ತಾ ‘ಅಮ್ಮಾ’ ಎಂದು ತಿರುಗುವ ವಿಡಿಯೋಗಳನ್ನು ನೋಡಿ ಬಂದಿದ್ದರೆ ಮನಸ್ಸನ್ನು ಸ್ವಲ್ಪ ತಗ್ಗಿಸಿಕೊಳ್ಳಿ. ಮಗು ಅಳಬಹುದು, ಆಟಿಕೆ ಬಿಟ್ಟು ತಟ್ಟನೆ ನಿಲ್ಲಬಹುದು, ಅಮ್ಮನ ಸೆರಗು ಹಿಡಿದುಕೊಳ್ಳಬಹುದು, ಏನೂ ಆಗದಂತೆಯೂ ಇರಬಹುದು. ಯಾವುದೂ ಮುಂದಿನ ಫಲದ ಸೂಚನೆಯಲ್ಲ.

ಮ್ಯಾಪಿಂಗ್ ಎಂದರೆ ಪ್ರತಿ ಎಲೆಕ್ಟ್ರೋಡಿಗೂ ಎರಡು ಮಟ್ಟ ಗೊತ್ತು ಮಾಡುವುದು: ಕೇಳಿಸಲು ಶುರುವಾಗುವ ಅತಿ ಕಡಿಮೆ ವಿದ್ಯುತ್ತು, ಮತ್ತು ಹಿತವಾಗಿ ತಾಳಬಹುದಾದ ಗರಿಷ್ಠ ವಿದ್ಯುತ್ತು. ಮೊದಲ ದಿನ ಬೇಕೆಂದೇ ತಗ್ಗಿನಲ್ಲಿಟ್ಟು, ವಾರಗಳಲ್ಲಿ ಮೆಲ್ಲಗೆ ಏರಿಸುತ್ತಾರೆ. ಗರಿಷ್ಠ ಮಟ್ಟ ಹೆಚ್ಚಾಗಿದ್ದರೆ ಜೋರು ಶಬ್ದಕ್ಕೆ ಮಗು ಕಣ್ಣು ಮಿಟುಕಿಸುತ್ತದೆ, ಮುಖದ ಒಂದು ಪಕ್ಕ ಅದುರುತ್ತದೆ, ಕಾಯಿಲ್ ಕಿತ್ತು ಹಾಕುತ್ತದೆ. ಕಡಿಮೆಯಾಗಿದ್ದರೆ ಮಗು ಶಾಂತವಾಗಿಯೇ ಹಾಕಿಕೊಂಡಿರುತ್ತದೆ, ಆದರೆ ಮಾತಿಗೆ ತಿರುಗುವುದಿಲ್ಲ. ಮನೆಯವರ ಕಣ್ಣಿಗೆ ಎರಡನೆಯದು ಬೀಳದೆ ತಿಂಗಳುಗಟ್ಟಲೆ ಹಾಗೇ ಉಳಿದುಬಿಡುತ್ತದೆ. ಆರು ಶಬ್ದಗಳ ಪಟ್ಟಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಮ್ಯಾಪ್ ಸರಿಯಾದಾಗ ಮಗು ಸುಮಾರು 20ರಿಂದ 30 ಡೆಸಿಬೆಲ್‌ನ ಮೆಲುಶಬ್ದಕ್ಕೂ ಸ್ಪಂದಿಸಬೇಕು.

8. ಮನೆಯ ದಿನಚರಿ

ಕಣ್ಣು ತೆರೆದಾಗ ಹಾಕುವುದು, ನಿದ್ದೆಗೆ ತೆಗೆಯುವುದು. ದಿನಕ್ಕೆ 10 ಗಂಟೆಯಾದರೂ ಆಗಲಿ. ಮಗು ಕಿತ್ತರೆ ಬೈಯದೆ ಮತ್ತೆ ಹಾಕಿ, ಕ್ಲಿಪ್ಪಿನಿಂದ ಬಟ್ಟೆಗೆ ಸಿಕ್ಕಿಸಿ. ಕಾಯಿಲ್ ಅಡಿಯ ಚರ್ಮವನ್ನು ದಿನಾ ನೋಡಿ. ಕೆಂಪಾಗಿದ್ದರೆ ಆಯಸ್ಕಾಂತದ ಬಲ ಹೆಚ್ಚಾಗಿದೆ, ಕಡಿಮೆ ಬಲದ್ದು ಹಾಕಿಸಿ. ಪದೇ ಪದೇ ಬೀಳುತ್ತಿದ್ದರೆ ಬಲ ಸಾಲದು.

ಕೆಟ್ಟಿತು ಎಂದು ಗಾಬರಿಯಾಗುವ ಮುನ್ನ ಇದೇ ಕ್ರಮದಲ್ಲಿ ನೋಡಿ: ಬ್ಯಾಟರಿ, ಆಮೇಲೆ ಕೇಬಲ್, ಆಮೇಲೆ ಕಾಯಿಲ್, ಕೊನೆಗೆ ಪ್ರೊಸೆಸರ್. ಬಹಳ ಸಲ ಕೇಬಲ್ಲೇ ಒಳಗೆ ತುಂಡಾಗಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಒಂದು ಹೆಚ್ಚುವರಿ ಕೇಬಲ್ ಯಾವಾಗಲೂ ಮನೆಯಲ್ಲಿರಲಿ. ರಾತ್ರಿ ತೇವ ಹೀರುವ ಡಬ್ಬಿಯಲ್ಲಿಡಿ. ಬಿಸಾಡುವ ಜಿಂಕ್-ಏರ್ ಬ್ಯಾಟರಿಯಾದರೆ ಚೀಟಿ ಕಿತ್ತ ಮೇಲೆ ಕೆಲವು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಮಗು ಬಟನ್ ಬ್ಯಾಟರಿ ನುಂಗಿದರೆ ಅದು ತುರ್ತುಸ್ಥಿತಿ, ಬೀಗವಿರುವ ಬ್ಯಾಟರಿ ಮುಚ್ಚಳವನ್ನೇ ಕೇಳಿ ಪಡೆಯಿರಿ. ಪ್ಲಾಸ್ಟಿಕ್ ಜಾರುಬಂಡೆ ಆಡುವಾಗ ಹೊರಭಾಗ ತೆಗೆದಿಡುವುದು ಒಳ್ಳೆಯದು, ಸ್ಥಿರ ವಿದ್ಯುತ್ತಿನಿಂದ ಮ್ಯಾಪ್ ಕೆಡಬಹುದು. ಮುಂದೆ ಯಾವ ಆಪರೇಷನ್, ಯಾವ ಎಂಆರ್‌ಐ ಇದ್ದರೂ ಇಂಪ್ಲಾಂಟ್ ಇದೆ ಎಂದು ಮೊದಲೇ ಹೇಳಿ, ಅದರ ಗುರುತಿನ ಕಾರ್ಡ್ ತೋರಿಸಿ.

ಥೆರಪಿ ಎಂದರೆ ತಜ್ಞರ ಕೋಣೆಯ ಒಂದು ಗಂಟೆ ಅಲ್ಲ. ಆ ಗಂಟೆಯಲ್ಲಿ ಕಲಿಯಬೇಕಾದವರು ನೀವು. ಟಿವಿ ಆರಿಸಿ, ಇಂಪ್ಲಾಂಟ್ ಇರುವ ಕಡೆ ಹತ್ತಿರ ಕುಳಿತು, ಮಾಡುತ್ತಿರುವ ಕೆಲಸವನ್ನೇ ಮಾತಾಗಿಸಿ. ‘ಶರ್ಟು ಹಾಕೋಣ, ಕೈ ಎಲ್ಲಿ? ಇನ್ನೊಂದು ಕೈ ಎಲ್ಲಿ?’ ಮೊದಲು ಕೇಳಿಸಿ, ಆಮೇಲೆ ತೋರಿಸಿ. ‘ಅಮ್ಮ ಅನ್ನು, ಅಪ್ಪ ಅನ್ನು’ ಎಂದು ಪೀಡಿಸಬೇಡಿ. ಮಾತಾಡುವ ಮುಂಚೆ ಪ್ರತಿ ಮಗುವೂ ಸುಮಾರು ಒಂದು ವರ್ಷ ಕೇಳಿಸಿಕೊಂಡಿರುತ್ತದೆ. ನಿಮ್ಮ ಮಗುವಿನ ಕಿವಿಯ ವಯಸ್ಸು ಶುರುವಾಗುವುದು ಸ್ವಿಚ್ ಆನ್ ದಿನದಿಂದ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವುದಾದರೆ ಆ ವಯಸ್ಸಿನಿಂದ ಹೋಲಿಸಿ.

ದಿನವಿಡೀ ಹಾಕಿಯೂ 6 ತಿಂಗಳಲ್ಲಿ ಹೆಸರಿಗೆ ತಿರುಗುತ್ತಿಲ್ಲ, ಅಥವಾ ಬಂದಿದ್ದ ಶಬ್ದಗಳು ಮತ್ತೆ ಹೋಗುತ್ತಿವೆ ಎಂದರೆ ಥೆರಪಿಸ್ಟರನ್ನೋ ಮಗುವನ್ನೋ ದೂರುವ ಮುನ್ನ ಉಪಕರಣದ ಪೂರ್ತಿ ತಪಾಸಣೆ ಮಾಡಿಸಿ. ಒಳಭಾಗ ಕೆಡುವುದು ಅಪರೂಪ, ಆದರೆ ಕೆಡುತ್ತದೆ. ಆಗ ಮತ್ತೊಂದು ಆಪರೇಷನ್ ಬೇಕು. ಉಪಕರಣ ಸರಿಯಿದ್ದರೆ ಬೆಳವಣಿಗೆಯ ಬೇರೆ ತೊಂದರೆಗಳಿವೆಯೇ ಎಂದು ನೋಡಿಸಿ.

9. ‘ಬೇಡ’ ಎಂದು ತೀರ್ಮಾನಿಸಿದರೆ

ಇದಕ್ಕೂ ಅಷ್ಟೇ ತಯಾರಿ ಬೇಕು. ಮನೆಯಲ್ಲಿ ಅಮ್ಮ ಒಬ್ಬಳೇ ಸಂಜ್ಞಾ ಭಾಷೆ ಕಲಿತರೆ ಮಗು ಊಟದ ಹೊತ್ತಿನ ಹರಟೆಯಿಂದ ಹೊರಗುಳಿಯುತ್ತದೆ. ಅಪ್ಪ, ಅಣ್ಣ ಅಕ್ಕ, ಅಜ್ಜಿ ತಾತ ಎಲ್ಲರೂ ಕಲಿಯಬೇಕು. ಪುಸ್ತಕದಿಂದ ಕಲಿಯುವುದಕ್ಕಿಂತ ಅದೇ ಭಾಷೆಯಲ್ಲಿ ಬದುಕುವ ಕಿವುಡರಿಂದ ಕಲಿಯುವುದು ಮೇಲು. ಮಗುವನ್ನು ಅವರ ಮಕ್ಕಳ ಜೊತೆ ಆಡಲು ಬಿಡಿ. ಶಾಲೆ ಹುಡುಕುವಾಗ ‘ಕಿವುಡು ಮಕ್ಕಳನ್ನು ಸೇರಿಸಿಕೊಳ್ಳುತ್ತೀರಾ’ ಎಂದು ಕೇಳಿದರೆ ಸಾಲದು. ಶಿಕ್ಷಕರಿಗೆ ಸಂಜ್ಞಾ ಭಾಷೆ ಸರಾಗವಾಗಿ ಬರುತ್ತದೆಯೇ ಎಂದು ತರಗತಿಯಲ್ಲಿ ಅರ್ಧ ದಿನ ಕುಳಿತು ನೋಡಿ. ಶ್ರವಣ ಸಾಧನದಿಂದ ಹಾರ್ನ್, ಕೂಗಿನಂಥ ಸದ್ದಿನ ಅರಿವಾದರೂ ಸಿಗುವುದಾದರೆ ಅದನ್ನು ಮುಂದುವರಿಸಿ. 6 ತಿಂಗಳಿಗೊಮ್ಮೆ ಶ್ರವಣ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ. ಸಂಜ್ಞೆಯಲ್ಲಿ ಬದುಕುವ ಮಗುವಿಗೆ ಕನ್ನಡಕ ತಡವಾಗಿ ಸಿಕ್ಕರೆ ಅಷ್ಟು ದಿನದ ಪಾಠ ಅರ್ಧಂಬರ್ಧವಾಗಿಯೇ ಕಂಡಿರುತ್ತದೆ.